ಗುಪ್ತಚರರಿಗೂ ಒಂದು ಕಾಯ್ದೆ ಬೇಡವೇ?

ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಬಂದಿರುವ ಬಂಧುಗಳೇ,

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ. ಅದು ಯಾರ ಆಜ್ಞೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ನಮ್ಮ ಗುಪ್ತಚರ ದಳ ಐಬಿಯ ಮಾತು ಹಾಗಲ್ಲ. ಅದು ಹುಟ್ಟಿದ್ದು 1887ರಲ್ಲಿ. ಅದು ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ಸಂಸತ್ತಿನ ಕಾಯ್ದೆ ಮಾತ್ರ ಇವತ್ತಿಗೂ ಇಲ್ಲ. ದೇಶ ಕಾಯಲು ಗುಪ್ತಚರರು ಬೇಕೇ ಬೇಕು. ಆದರೆ ಅವರನ್ನು ಕಾಯುವವರು ಯಾರು?

ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಬಂಧಿಸಿದ್ದು ಬೆಂಗಳೂರಿನಲ್ಲೇ. ಸಂಸದೀಯ ಸಮಿತಿಯ ಸಭೆಗೆಂದು ಬಂದವರು ಜೈಲು ಸೇರಿದರು. ಇಂದಿರಾ ಗಾಂಧಿ ಸೋತ ಮೇಲೆ, 1977ರ ಮೇ ತಿಂಗಳಲ್ಲಿ, ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ನೇಮಕವಾಯಿತು. ತುರ್ತು ಪರಿಸ್ಥಿತಿಯ ಅತಿರೇಕಗಳ ಬಗ್ಗೆ ಅದು ಮೂರು ವರದಿ ಕೊಟ್ಟಿತು. ಐಬಿ, ಸಿಬಿಐಗಳನ್ನು ಹದ್ದುಬಸ್ತಿನಲ್ಲಿಡುವುದು ಹೇಗೆಂದು ನೋಡಲು ಎಲ್.ಪಿ. ಸಿಂಗ್ ಸಮಿತಿಯೂ ಕೂತಿತು. ಆ ಸಮಿತಿಯ ವರದಿಯನ್ನು ಸರ್ಕಾರ ಜನರ ಮುಂದಿಡಲೇ ಇಲ್ಲ. ಶಾ ವರದಿಯ ಪ್ರತಿಗಳೂ ಸಿಗದಂತಾದಾಗ, ಮಾಜಿ ಸಂಸದ ಇರಾ ಸೆಳಿಯನ್ ಅವರು ತಮ್ಮಲ್ಲಿದ್ದ ಪ್ರತಿಯನ್ನು 2010ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಅವರಿಗೆ ನಾವು ಋಣಿಗಳು.

ಅಮೆರಿಕದಲ್ಲಿ ಇದೇ ಕಾಲಕ್ಕೆ ಸೆನೆಟರ್ ಚರ್ಚ್ ಅವರ ಸಮಿತಿ ಸಿಐಎಯ ಒಳಗುಟ್ಟು ಕೆದಕಿತು. 1976ರಲ್ಲಿ ಸೆನೆಟ್ ಕಾಯಂ ಮೇಲ್ವಿಚಾರಣಾ ಸಮಿತಿಯನ್ನೇ ಮಾಡಿಕೊಂಡಿತು. ನಮ್ಮಲ್ಲಿ ಅಂಥದ್ದಾಗಲಿಲ್ಲ. ಕದ್ದು ಕೇಳುವ ಚಾಳಿ ಒಂದೇ ಪಕ್ಷದ್ದೂ ಅಲ್ಲ. ಫೋನ್ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು.

ಕೊನೆಗೆ ಈ ಪ್ರಶ್ನೆ ಎತ್ತಿದವರು ಒಳಗಿನವರೇ. ಐಬಿಯಲ್ಲಿ ದಶಕಗಳ ಕಾಲ ದುಡಿದು ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದ ಆರ್.ಎನ್. ಕುಲಕರ್ಣಿ. ಯಾವ ಕಾಯ್ದೆಯ ಬಲದಿಂದ ಈ ಸಂಸ್ಥೆ ನಡೆಯುತ್ತಿದೆ ಎಂದು ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೇಂದ್ರ ಸರ್ಕಾರ ಸಂವಿಧಾನದ 7ನೇ ಅನುಸೂಚಿಯನ್ನು ತೋರಿಸಿತು. ತೆಗೆದು ಓದಿ ನೋಡಿ. ಕೇಂದ್ರ ಪಟ್ಟಿಯ 8ನೇ ನಮೂದು, ಗುಪ್ತಚರ ದಳದ ಬಗ್ಗೆ ಕಾಯ್ದೆ ಮಾಡುವ ಅಧಿಕಾರ ಸಂಸತ್ತಿಗಿದೆ ಎನ್ನುತ್ತದೆ, ಅಷ್ಟೇ. ಕಾಲುವೆ ಮಂಜೂರಾದ ಮಾತ್ರಕ್ಕೆ ಕೊನೆ ಭಾಗದ ಗದ್ದೆಗೆ ನೀರು ಬಂದಂತಾಗುವುದಿಲ್ಲ. ತುಂಗಭದ್ರಾ ಎಡದಂಡೆಯ ರೈತರಿಗೆ ಇದನ್ನು ನಾನು ಹೇಳಬೇಕಿಲ್ಲ. ಅಂಥ ಕಾಯ್ದೆಗಾಗಿ 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆಯೊಂದನ್ನು ತಂದರು. ಅದೂ ಕಾಯ್ದೆಯಾಗಲಿಲ್ಲ.

ಸಿಂಧನೂರು, ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಲಿಂಗಸುಗೂರು ರಾಯಚೂರಿಗೆ. ಅಂದರೆ ನಮಗೆ ಇಬ್ಬರು ಸಂಸದರು. ಎಲ್.ಪಿ. ಸಿಂಗ್ ವರದಿಯನ್ನು ಸದನದಲ್ಲಿ ಮಂಡಿಸಬೇಕೆಂದು ಇಬ್ಬರೂ ಕೇಳಲಿ. ಮನವಿಯ ಕರಡು ತಂದಿದ್ದೇನೆ. ಒಪ್ಪಿಗೆಯಿದ್ದವರು ಸಹಿ ಮಾಡಿ.