ಭಾಷೆ ಕನ್ನಡ, ಲೆಕ್ಕ ಯಾರದ್ದು?

ಇವತ್ತಿನ ವಿಷಯ ನಿಮ್ಮ ಫೋನಿನ ಸೆಟ್ಟಿಂಗ್ಸ್ ಒಳಗೇ ಇದೆ. ಭಾಷೆ ಅಂತ ಒಂದು ಸಾಲು, ಪ್ರದೇಶ ಅಂತ ಇನ್ನೊಂದು ಸಾಲು. ಹೊಸ ಫೋನ್ ತಗೊಂಡ ದಿನ ಒಂದ್ಸಲ ಒತ್ತಿ ಮುಂದಕ್ಕೆ ಹೋಗಿಬಿಡ್ತೀವಿ. ಆದ್ರೆ ದಿನಾ ದುಡ್ಡು ಕಳಿಸೋದು, ಲೆಕ್ಕ ನೋಡೋದು ಇದೇ ಫೋನಲ್ಲಿ ತಾನೆ? ಆ ಎರಡು ಸಾಲಿನ ಹಿಂದೆ ಏನು ನಡೆಯುತ್ತೆ ನೋಡೋಣ.

ಸಾಫ್ಟ್‌ವೇರ್ ಮಾಡೋರು ಇದನ್ನ 'ಲೊಕೇಲ್' ಅಂತಾರೆ. ಭಾಷೆ ಮತ್ತು ದೇಶ ಎರಡೂ ಸೇರಿದ ಗುರುತು. ಕನ್ನಡ–ಭಾರತ ಒಂದು ಲೊಕೇಲ್, ಇಂಗ್ಲಿಷ್–ಭಾರತ ಇನ್ನೊಂದು, ಇಂಗ್ಲಿಷ್–ಅಮೆರಿಕ ಮತ್ತೊಂದು. ದಿನಾಂಕದಲ್ಲಿ ದಿನ ಮೊದಲೋ ತಿಂಗಳು ಮೊದಲೋ, ಸಂಖ್ಯೆಯಲ್ಲಿ ಕಾಮಾ ಎಲ್ಲಿ, ಇದೆಲ್ಲ ಇಲ್ಲಿಂದಲೇ ತೀರ್ಮಾನ ಆಗುತ್ತೆ. 12,34,567 ಅಂತಿದ್ರೆ ನೋಡಿದ ತಕ್ಷಣ ಹನ್ನೆರಡು ಲಕ್ಷ ಅಂತ ಹೇಳ್ತೀವಿ. ಅದನ್ನೇ 1,234,567 ಅಂತ ಬರೆದ್ರೆ ಬೆರಳಿಟ್ಟು ಎಣಿಸಬೇಕು. ಜರ್ಮನಿಯಲ್ಲಂತೂ ಚುಕ್ಕಿ, ಕಾಮಾ ಅದಲುಬದಲು. ಅಲ್ಲಿ 1.500 ಅಂದ್ರೆ ಒಂದೂವರೆ ಅಲ್ಲ, ಒಂದೂವರೆ ಸಾವಿರ!

ಈಗ ದುಡ್ಡಿಗೆ ಬರೋಣ. ಭಾಷೆ ನೋಡಿ ಕರೆನ್ಸಿ ಊಹಿಸೋದು ತಪ್ಪು. ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋದವರು ಎಷ್ಟೋ ಜನ. ಫೋನ್ ಕನ್ನಡದಲ್ಲಿರುತ್ತೆ, ಸಂಬಳ ದಿನಾರ್‌ನಲ್ಲಿ ಬರುತ್ತೆ. ಕುವೈತ್‌ನಲ್ಲಿ ಒಂದು ದಿನಾರ್‌ಗೆ 1,000 ಫಿಲ್ಸ್. ಅಂದ್ರೆ ಚುಕ್ಕಿಯ ನಂತರ ಮೂರು ಅಂಕಿ ಬೇಕು, ಎರಡು ಸಾಲಲ್ಲ. ಜಪಾನಿನ ಯೆನ್‌ಗೆ ಒಂದೂ ಬೇಡ. ಸ್ವಿಟ್ಜರ್ಲೆಂಡ್‌ನಲ್ಲಿ ನಾಲ್ಕು ರಾಷ್ಟ್ರೀಯ ಭಾಷೆ, ಕರೆನ್ಸಿ ಒಂದೇ. ಭಾಷೆ ಹೇಳೋದು ಹೇಗೆ ಓದಬೇಕು ಅಂತ. ಯಾವ ದುಡ್ಡು ಅನ್ನೋದು ಆ ವ್ಯವಹಾರಕ್ಕೆ ಸೇರಿದ್ದು.

ಈ ಪಾಠ ನಮ್ಮ ಜೇಬಲ್ಲೇ ಇದೆ. ಒಂದು ನೋಟು ತೆಗೆದು ನೋಡಿ. ಹಿಂದಿ, ಇಂಗ್ಲಿಷ್ ಬಿಟ್ಟು ಇನ್ನೂ 15 ಭಾಷೆಗಳಲ್ಲಿ ಅದರ ಬೆಲೆ ಬರೆದಿದೆ. ಕನ್ನಡವೂ ಇದೆ. ಯಾವ ಭಾಷೆಯಲ್ಲಿ ಓದಿದ್ರೂ ಬೆಲೆ ಬದಲಾಗಲ್ಲ.

ಇನ್ನು ಪದಗಳ ವಿಷಯ. ನಾನು ಬಿ.ಕಾಂ ಓದಿದ್ದು, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚೇ ಮಾತಾಡ್ತೀನಿ. ಟೈಲರಿಂಗ್ ಅಂಗಡಿ ಇಟ್ಟಿರೋ ನಮ್ಮ ಚಿಕ್ಕಮ್ಮ ಒಂದು ಪೇಮೆಂಟ್ ಆ್ಯಪ್‌ನ ಕನ್ನಡಕ್ಕೆ ಬದಲಾಯಿಸಿಕೊಂಡ್ರು. ಪರದೆ ಮೇಲೆ 'ಬಾಕಿ 4,350' ಅಂತ ಬಂತು. "ಏನಪ್ಪಾ ಇದು, ನಾನು ಯಾರ ಹತ್ರಾನೂ ಸಾಲ ಮಾಡಿಲ್ವಲ್ಲ?" ಅಂದ್ರು. ಅದು ಅವರ ಖಾತೆಯಲ್ಲಿದ್ದ ಅವರದ್ದೇ ದುಡ್ಡು! ಬ್ಯಾಲೆನ್ಸ್ ಅನ್ನೋದಕ್ಕೆ ಡಿಕ್ಷನರಿಯಲ್ಲಿ ಬಾಕಿ ಅಂತ ಸಿಗಬಹುದು. ಆದ್ರೆ ಅಂಗಡಿಯಲ್ಲಿ ಬಾಕಿ ಅಂದ್ರೆ ಕೊಡಬೇಕಾದದ್ದು. ಉಳಿದಿರೋ ದುಡ್ಡಿಗೆ ನಮ್ಮ ಲೆಕ್ಕದ ಪುಸ್ತಕಗಳಲ್ಲಿ 'ಶಿಲ್ಕು' ಅಂತ ಒಳ್ಳೇ ಪದ ಇದೆ. ಆರಂಭದ ಶಿಲ್ಕು, ಅಂತಿಮ ಶಿಲ್ಕು, ಕೈ ಶಿಲ್ಕು. ಅದು ಹಳೇದು ಅನ್ಸಿದ್ರೆ 'ಖಾತೆಯಲ್ಲಿರುವ ಹಣ' ಅನ್ನಿ, ಇಲ್ಲಾಂದ್ರೆ 'ಬ್ಯಾಲೆನ್ಸ್' ಅಂತಾನೇ ಬಿಡಿ, ಎಲ್ಲರಿಗೂ ಗೊತ್ತು. ಚಿಕ್ಕಮ್ಮ ಮಾತ್ರ ಅವತ್ತೇ ಇಂಗ್ಲಿಷ್‌ಗೆ ವಾಪಸ್ ಹೋದ್ರು. ಓದೋಕೆ ಬರೋ ಭಾಷೆ ಬಿಟ್ಟು, ಅರ್ಧಂಬರ್ಧ ಬರೋ ಭಾಷೆಯಲ್ಲಿ ದುಡ್ಡು ಕಳಿಸ್ತಾರೆ. ಆಮೇಲೆ ನಾವೇ ಹೇಳ್ತೀವಿ, 'ಕನ್ನಡದ ಆಯ್ಕೆ ಕೊಟ್ರೂ ಯಾರೂ ಬಳಸಲ್ಲ' ಅಂತ!

ಇಂಥದ್ದೇ ಇನ್ನೊಂದು. ಸಂಖ್ಯೆ ಚಿಕ್ಕದಾಗಿ ತೋರಿಸುವಾಗ '1.2 ಮಿ' ಅಂತ ಬರೋದನ್ನ ನೋಡಿದ್ದೀರಾ? ಅದು ಮಿಲಿಯನ್. ನಾವು ಮಿಲಿಯನ್‌ನಲ್ಲಿ ಯೋಚಿಸೋದೇ ಇಲ್ಲ. '12 ಲಕ್ಷ' ಅಂದ್ರೆ ಮುಗೀತು. ಅಕ್ಷರ ಕನ್ನಡ ಆದ್ರೆ ಸಾಲದು, ಎಣಿಕೆಯೂ ನಮ್ಮದಾಗಬೇಕು.

ಭಾಷೆ ಆಯ್ಕೆ ಮಾಡೋ ಕಡೆ ಬಾವುಟ ಹಾಕೋದು ಮತ್ತೊಂದು ಎಡವಟ್ಟು. ಹಿಂದಿ ಪಕ್ಕ ತ್ರಿವರ್ಣ ಇಟ್ರೆ, ಕನ್ನಡದ ಪಕ್ಕ ಯಾವ ದೇಶದ ಬಾವುಟ ಇಡ್ತೀರಿ? ಭಾಷೆಗೆ ಬಾವುಟ ಬೇಡ. 'ಕನ್ನಡ' ಅಂತ ಕನ್ನಡದಲ್ಲೇ ಬರೆದ್ರೆ ಸಾಕು.

ಚಿಹ್ನೆಗಳೂ ಅಷ್ಟೆ, ಬರೀ ಗೀಟುಗಳಲ್ಲ. ಉದಯ ಕುಮಾರ್ ವಿನ್ಯಾಸ ಮಾಡಿದ ₹ ಗುರುತನ್ನ ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯೂನಿಕೋಡ್‌ಗೆ ಸೇರಿತು. 2025ರ ಮಾರ್ಚ್‌ನಲ್ಲಿ ತಮಿಳುನಾಡು ಸರ್ಕಾರ ತನ್ನ ಬಜೆಟ್ ಲೋಗೋದಲ್ಲಿ ಅದರ ಬದಲು ತಮಿಳಿನ 'ರೂ' ಅಕ್ಷರ ಹಾಕಿದಾಗ ದೇಶದ ತುಂಬ ಚರ್ಚೆ ಆಯ್ತು. ಯಾರು ಸರಿ ಅನ್ನೋದು ಬೇರೆ ಮಾತು. ಒಂದು ಅಕ್ಷರಕ್ಕೆ ಇಷ್ಟು ತೂಕ ಇದೆ ಅನ್ನೋದನ್ನ ಆ್ಯಪ್ ಮಾಡೋರು ಗಮನಿಸಬೇಕು.

ಸರಿ, ನಾವೇನು ಮಾಡಬಹುದು? ಒಂದು, ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸದಿದ್ರೆ ಒಂದೊಂದು ಆ್ಯಪ್‌ಗೂ ಬೇರೆ ಭಾಷೆ ಇಡೋ ಸೌಲಭ್ಯ ಇದೆ. ಇಡೀ ಫೋನ್ ಬದಲಾಯಿಸಬೇಕಾಗಿಲ್ಲ. ಎರಡು, ತಪ್ಪು ಪದ ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದು ಫೀಡ್‌ಬ್ಯಾಕ್‌ನಲ್ಲಿ ಕಳಿಸಿ. ಬೈಬೇಡಿ, ಸರಿಯಾದ ಪದ ಬರೀರಿ. ಮೂರು, ಫೋನ್‌ಗಳು, ಬ್ರೌಸರ್‌ಗಳು ಈ ಲೊಕೇಲ್ ಮಾಹಿತಿಯನ್ನ ಹೆಚ್ಚಾಗಿ ತಗೊಳ್ಳೋದು ಯೂನಿಕೋಡ್ ಸಂಸ್ಥೆಯ 'ಸಿಎಲ್‌ಡಿಆರ್' ಅನ್ನೋ ಭಂಡಾರದಿಂದ. ಅಲ್ಲಿ ಕನ್ನಡದ ಮಾಹಿತಿ ತಿದ್ದೋಕೆ ಸ್ವಯಂಸೇವಕರಿಗೂ ಅವಕಾಶ ಇದೆ. ಕಾಮರ್ಸ್ ಓದಿದವರು, ಅಕೌಂಟ್ಸ್ ಬರೆಯೋರು ದಯವಿಟ್ಟು ಅತ್ತ ಒಮ್ಮೆ ನೋಡಿ. ಲೆಕ್ಕದ ಕನ್ನಡ ಗೊತ್ತಿರೋರು ನೀವೇ.

ನಿಮ್ಮ ಆ್ಯಪ್‌ನಲ್ಲಿ ಕಂಡ ವಿಚಿತ್ರ ಕನ್ನಡ ಯಾವುದು? ವಾಯ್ಸ್ ಮೆಸೇಜ್ ಮಾಡಿ, ಮುಂದಿನ ವಾರ ಒಂದಷ್ಟು ಕೇಳಿಸ್ತೀನಿ. ಅಲ್ಲಿವರೆಗೂ ದುಡ್ಡು ಕಳಿಸೋ ಮುಂಚೆ ಕಾಮಾ ಎಲ್ಲಿದೆ ಅಂತ ಒಂದ್ಸಲ ನೋಡ್ಕೊಳ್ಳಿ. ಸಿಗೋಣ!