ಎಳೆಯರ ಓದಿಗೆ ಮನೆಯೇ ಮೊದಲ ಪಾಠಶಾಲೆ



 ನಾವು ಪಂಡಿತರಲ್ಲ, ಶಿಕ್ಷಕರ ತರಬೇತಿ ಪಡೆದು, ಹಳ್ಳಿಯ ಮಕ್ಕಳ ನಡುವೆಯೇ ತಲೆ ನರೆತವರು. ಆ ಅನುಭವದಿಂದ ತಿಳಿದ ಕೆಲವು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇವೆ.

ಈ ಸೀಮೆಗೆ ಕನ್ನಡವು ನಿನ್ನೆ ಮೊನ್ನೆ ಬಂದುದಲ್ಲ. 1799ರವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಜಿಲ್ಲೆ ಎರಡಾದರೂ ಮನೆಮಾತು ಒಂದೇ. ಸಿರುಮುಗೈಯ ದೇವಾಂಗರ ಮನೆಗಳಲ್ಲಿ ಲಾಳಿಯ ಸದ್ದಿನ ನಡುವೆ ಇಂದಿಗೂ ಕನ್ನಡವು ಕೇಳಿಬರುತ್ತದೆ. ಆದರೆ ಆಡುವ ಮಾತು ಉಳಿದರೂ ಓದುವ ಅಕ್ಷರವು ಅಳಿಯುತ್ತಿದೆ. ಅಜ್ಜನ ಪೆಟ್ಟಿಗೆಯಲ್ಲಿರುವ ಕನ್ನಡದ ಕಾಗದವನ್ನು ಓದಿ ಹೇಳಬಲ್ಲ ಮೊಮ್ಮಗನು ಎಷ್ಟು ಮನೆಗಳಲ್ಲಿದ್ದಾನೆ?

2006ರ ಕಾನೂನಿನಂತೆ ಮಕ್ಕಳು ಶಾಲೆಯಲ್ಲಿ ತಮಿಳನ್ನು ಕಲಿಯತಕ್ಕದ್ದು. ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಅದು ನಮಗೆ ಅನ್ನವಿತ್ತ ನೆಲದ ಭಾಷೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವಿರಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. ಅದನ್ನು ಕೇಳುತ್ತಲೇ ಇರೋಣ. ಆದರೆ ಅದು ದೊರೆಯುವ ತನಕ ಮಗುವಿನ ವಯಸ್ಸು ಕಾದು ನಿಲ್ಲುವುದಿಲ್ಲ. ಆದುದರಿಂದ ಮನೆಯೇ ಪಾಠಶಾಲೆಯಾಗಬೇಕು.

ಓದು ಕಣ್ಣಿನಿಂದಲ್ಲ, ಕಿವಿಯಿಂದ ಆರಂಭವಾಗುತ್ತದೆ. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಒಂದು ಕಥೆಯನ್ನು ಗಟ್ಟಿಯಾಗಿ ಓದಿರಿ. ಸಾಲಿನ ಕೆಳಗೆ ಬೆರಳು ಸಾಗುತ್ತಿರಲಿ. ತಾಯಿಗೆ ಕನ್ನಡದ ಅಕ್ಷರ ಬಾರದಿದ್ದರೆ ಅಜ್ಜಿಯ ಕಥೆಯನ್ನೇ ಹೇಳಲಿ, ನಡುವೆ ನಿಲ್ಲಿಸಿ, "ಮುಂದೇನಾಯಿತು, ಕಂದ?" ಎಂದು ಕೇಳಲಿ. ಒಂದು ದಿನ ಎರಡು ಗಂಟೆ ಓದಿಸಿ ವಾರವಿಡೀ ಬಿಡುವುದಕ್ಕಿಂತ ನಿತ್ಯದ ಕಾಲು ಗಂಟೆಯೇ ಮೇಲು.

ಅಕ್ಷರ ಕಲಿಸುವಾಗ 'ಅ'ದಿಂದ 'ಳ'ದವರೆಗೆ ಬಾಯಿಪಾಠ ಮಾಡಿಸುವ ಆತುರ ಬೇಡ. ಕರ್ನಾಟಕದ ಒಂದನೆಯ ತರಗತಿಯಲ್ಲಿ ರ, ಗ, ಸ, ದ, ಅ ಎಂಬ ಐದರಿಂದ ಮೊದಲು ಮಾಡುವ ಕ್ರಮವುಂಟು. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ ಎಂಬ ಪದಗಳು ಹುಟ್ಟುತ್ತವೆ. ಮೊದಲ ವಾರದಲ್ಲೇ ಪದವನ್ನು ಓದಿದ ಮಗುವಿಗೆ ಓದು ರುಚಿಸುತ್ತದೆ.

ತಮಿಳು ಬಲ್ಲ ಮಗುವಿಗೆ ವ್ಯಂಜನದೊಡನೆ ಸ್ವರ ಕೂಡುವ ಕ್ರಮವು ಹೊಸದಲ್ಲ. ತೊಡಕಿರುವುದು ಎರಡು ಕಡೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಆದುದರಿಂದ ಮಗು 'ಗಾಳಿ'ಯನ್ನು 'ಕಾಳಿ' ಎಂದು ಬರೆದೀತು. ಅದು ದಡ್ಡತನವಲ್ಲ. ತಮಿಳು ಚುಕ್ಕಿಯಿಟ್ಟು ಪಕ್ಕದಲ್ಲಿ ಬರೆಯುವುದನ್ನು ಕನ್ನಡವು ಒತ್ತಾಗಿ ಅಡಿಯಲ್ಲಿ ಬರೆಯುತ್ತದೆ. ಅಮ್ಮ, ಅಕ್ಕ, ಅಣ್ಣ ಎಂಬ ಮನೆಯವರಿಂದಲೇ ಒತ್ತಕ್ಷರ ಆರಂಭವಾಗಲಿ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾವು ಹೊಸದಾಗಿ ಮೇಷ್ಟರಾಗಿದ್ದಾಗ, ಒತ್ತಕ್ಷರದಲ್ಲಿ ತಡವರಿಸಿದ ಹುಡುಗನೊಬ್ಬನನ್ನು ತರಗತಿಯ ಮುಂದೆ ನಿಲ್ಲಿಸಿ ಹತ್ತು ಸಲ ಓದಿಸಿದೆವು. ಮಕ್ಕಳು ನಕ್ಕರು. ಅವನು ಆ ವರ್ಷ ಮತ್ತೆ ಬಾಯಿ ತೆರೆದು ಓದಲಿಲ್ಲ. ಎಳೆಯು ತುಂಡಾದರೆ ನೇಕಾರನು ಸೀರೆಯನ್ನು ಹರಿಯುವುದಿಲ್ಲ, ಎಳೆಯನ್ನು ಗಂಟು ಹಾಕುತ್ತಾನೆ. ಆ ತಾಳ್ಮೆಯನ್ನು ತಾವು ಮಗ್ಗಕ್ಕೆ ತೋರುತ್ತೀರಿ, ಮಗುವಿಗೂ ತೋರಿರಿ. ಮನೆಯ ಕನ್ನಡವನ್ನು ಹಳಿಯಲೂಬೇಡಿ. ಪುಸ್ತಕದ ಮಾತು ಅದರ ಮೇಲೆಯೇ ನಿಲ್ಲತಕ್ಕದ್ದು.

ಪುಸ್ತಕಗಳೆಲ್ಲಿ ಎಂದು ಕೇಳಬಹುದು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರು ಎಳೆಯರಿಗಾಗಿಯೇ ಬರೆದರು. ಬಂಧುಗಳ ಮನೆಗೆ ಮೈಸೂರು, ಚಾಮರಾಜನಗರಕ್ಕೆ ಹೋದಾಗ ಮಿಠಾಯಿಯ ಜೊತೆಗೆ ಅಂಥ ಪುಸ್ತಕವೊಂದನ್ನು ತನ್ನಿರಿ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಣವಿಲ್ಲದೆ ದೊರೆಯುತ್ತವೆ. ಕೈಯಲ್ಲಿರುವ ಮೊಬೈಲು ಅದಕ್ಕೂ ಉಪಯೋಗವಾಗಲಿ. ಹತ್ತು ಮನೆಯವರು ಕೂಡಿ ಗುಡಿಯ ಜಗಲಿಯಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಅದೇ ನಮ್ಮ ಪುಸ್ತಕಭಂಡಾರ.

ವಚನಕಾರ ದೇವರ ದಾಸಿಮಯ್ಯನು ನೇಕಾರನಾಗಿದ್ದನು. ಮಗ್ಗವೂ ಅಕ್ಷರವೂ ಒಂದೇ ಮನೆಯಲ್ಲಿ ಬಾಳಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂದು ರಾತ್ರಿಯೇ ಮಗುವಿನ ಕೈಹಿಡಿದು 'ರ' ಎಂದು ಬರೆಯಿಸಿರಿ. ಅಜ್ಜನ ಕಾಗದವನ್ನು ಓದುವ ದಿನ ದೂರವಿರದು.