ಗುರುಗಳನ್ನು ರೂಪಿಸಿದ ಗುರು

(ಧರ್ಮಕೇಂದ್ರದ ಶಿಕ್ಷಕರ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂಭ್ರಮದಲ್ಲಿ ನಮ್ಮ ಹಿರಿಯರು ಕಟ್ಟಿದ ಗೋಡೆ ಗೋಪುರಗಳನ್ನು ಕುರಿತು ಬಹಳ ಮಾತುಗಳು ಬಂದಿವೆ. ಅವು ಸಲ್ಲತಕ್ಕ ಮಾತುಗಳೇ. ಆದರೆ ಕಲ್ಲಿನ ಕಟ್ಟಡ ಕಟ್ಟಿದವರಂತೆಯೇ ಮನುಷ್ಯರನ್ನು ಕಟ್ಟಿದವರೂ ಉಂಟು. ಅಂಥ ಒಬ್ಬರನ್ನು ಈ ದಿನ ನೆನೆಯಬಯಸುತ್ತೇವೆ. ಅವರು ನಮ್ಮ ಮತದವರಲ್ಲ; ಆದರೂ ಯಮಕನಮರಡಿ, ಹುಕ್ಕೇರಿ, ಗೋಕಾಕ ಭಾಗದಲ್ಲಿ ಕನ್ನಡದ ಅಕ್ಷರ ಕಲಿತ ಪ್ರತಿಯೊಂದು ಮನೆಯೂ ಅವರಿಗೆ ಋಣಿಯಾಗಿದೆ. ಅವರೇ ಡೆಪ್ಯುಟಿ ಚನ್ನಬಸಪ್ಪನವರು.

ಧಾರವಾಡದಲ್ಲಿ 1833ರಲ್ಲಿ ಜನಿಸಿದ ಅವರು ಪುಣೆಗೆ ತೆರಳಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಆ ಕಾಲದಲ್ಲಿ ಅಂಥ ವಿದ್ಯೆ ಪಡೆದವನಿಗೆ ಸರಕಾರದ ಬಾಗಿಲು ತಾನಾಗಿ ತೆರೆಯುತ್ತಿತ್ತು. ಆದರೆ ಅವರು ಮರಳಿ ಬಂದು ಹಿಡಿದದ್ದು ಶಿಕ್ಷಣದ ಕಾರ್ಯವನ್ನು. ಧಾರವಾಡದ ನಾರ್ಮಲ್ ಸ್ಕೂಲಿನ, ಅಂದರೆ ಶಿಕ್ಷಕರನ್ನು ತರಬೇತುಗೊಳಿಸುವ ಶಾಲೆಯ ಮುಖ್ಯಾಧ್ಯಾಪಕರಾದರು. ಮುಂದೆ ಡೆಪ್ಯುಟಿ ಇನ್ಸ್‌ಪೆಕ್ಟರರಾದರು. ಆ ಹುದ್ದೆಯ ಹೆಸರೇ ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಪೇಶ್ವೆಯರ ಆಳ್ವಿಕೆಯ ತರುವಾಯ ನಮ್ಮ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯೇ ಮೇಲುಗೈ ಪಡೆದಿತ್ತು. ಮರಾಠಿಯು ಸಂಪನ್ನವಾದ ಭಾಷೆ. ಅದರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಆದರೆ ತಾಯಿಯೊಡನೆ ಕನ್ನಡವಾಡುವ ಕೂಸು ಮೊದಲ ಪಾಠವನ್ನೇ ಬೇರೆ ನುಡಿಯಲ್ಲಿ ಕಲಿಯಬೇಕಾದರೆ, ಅದು ಬಾಯಿಪಾಠ ಮಾಡೀತೇ ಹೊರತು ತಿಳಿದೀತೇ? ಶಿಕ್ಷಣಾಧಿಕಾರಿ ರಸೆಲ್ ಸಾಹೇಬರು ಈ ಮಾತನ್ನು ಮನಗಂಡಿದ್ದರು. ಅವರಿಗೆ ಬಲಗೈಯಾಗಿ ನಿಂತವರು ಚನ್ನಬಸಪ್ಪನವರು.

ಕನ್ನಡ ಶಾಲೆ ತೆರೆಯಲು ಸರಕಾರದ ಅಪ್ಪಣೆ ಸಾಕು. ಅದು ನಡೆಯಬೇಕಾದರೆ ಗುರು ಬೇಕು. ಶಾಲೆಗಿಂತ ಮೊದಲು ಶಿಕ್ಷಕನನ್ನು ಸಿದ್ಧಪಡಿಸಬೇಕೆಂಬ ಈ ಸರಳ ಸತ್ಯವನ್ನೇ ಅವರು ತಮ್ಮ ಬಾಳಿನ ಕಾಯಕವನ್ನಾಗಿ ಮಾಡಿಕೊಂಡರು. ಹಳ್ಳಿಯಲ್ಲಿ ಒಬ್ಬಂಟಿಯಾಗಿ ದುಡಿಯುವ ಗುರುಗಳ ಜ್ಞಾನವು ಬತ್ತದಿರಲೆಂದು ಹೊರಟ ‘ಮಠಪತ್ರಿಕೆ’ಗೂ ಅವರು ದುಡಿದರು. ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು 1871ರಲ್ಲಿ ಕನ್ನಡಕ್ಕೆ ತಂದರು. 1881ರಲ್ಲಿ ಕಾಲವಾದಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಇವರನ್ನು ನೆನೆವಾಗ ನಮಗೆ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲರ ನೆನಪಾಗುತ್ತದೆ. ಫ್ರಾನ್ಸಿನ ರೇಮ್ಸ್ ಪಟ್ಟಣದಲ್ಲಿ 1651ರಲ್ಲಿ ಹುಟ್ಟಿದ ಈ ಸಿರಿವಂತ ಗುರುಗಳು ತಮ್ಮ ಪದವಿಯನ್ನು ಬಿಟ್ಟು, ಬರಗಾಲದಲ್ಲಿ ಆಸ್ತಿಯನ್ನು ಬಡವರಿಗೆ ಹಂಚಿ, ಹಳ್ಳಿಯ ಶಿಕ್ಷಕರಿಗಾಗಿ ತರಬೇತಿ ಶಾಲೆ ತೆರೆದರು. ಬಡ ಮಕ್ಕಳಿಗೆ ಓದನ್ನು ಲತೀನಿನಲ್ಲಲ್ಲ, ಮನೆಮಾತಾದ ಫ್ರೆಂಚಿನಲ್ಲಿಯೇ ಕಲಿಸಿರೆಂದರು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ಕಾಲ, ದೇಶ, ಮತ ಬೇರೆಬೇರೆ. ಹಿಡಿದ ದಾರಿ ಮಾತ್ರ ಒಂದೇ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ ಜಾಣ ಹುಡುಗನೊಬ್ಬ ನಮ್ಮ ಬಳಿ ಬಂದು, “ಸ್ವಾಮಿ, ನಾನು ಮಾಸ್ತರನಾಗಬೇಕೆಂದಿದ್ದೇನೆ” ಎಂದ. “ಇಷ್ಟು ಅಂಕ ಪಡೆದು ಮಾಸ್ತರಿಕೆಯೇ? ಎಂಜಿನಿಯರಿಂಗಿಗೆ ಹೋಗು” ಎಂದು ನಾವೇ ಹೇಳಿ ಕಳುಹಿಸಿದೆವು. ಆತ ಹೋದ, ಚೆನ್ನಾಗಿಯೂ ಇದ್ದಾನೆ. ಆದರೆ ಆತನ ಊರಿನ ಶಾಲೆಯು ಪಡೆಯಬಹುದಾಗಿದ್ದ ಒಬ್ಬ ಗುರುವನ್ನು ನಾವು ಕಸಿದುಕೊಂಡೆವೆಂಬ ಅಳುಕು ಇಂದಿಗೂ ಹೋಗಿಲ್ಲ. ಜಾಣರು ಬೇರೆ ಕಡೆಗೆ, ಉಳಿದವರು ಮಾಸ್ತರಿಕೆಗೆ ಎಂಬ ಎಣಿಕೆಯನ್ನು ನಮ್ಮಂಥವರೇ ಬೆಳೆಸಿದ್ದೇವೆ.

ನಮ್ಮೂರ ಸಮೀಪ ಹಾಯುವ ಹೆದ್ದಾರಿಯನ್ನು ಹಿಡಿದು ನಮ್ಮ ಯುವಕರು ಇಂದು ಪುಣೆಗೆ ಹೋಗುತ್ತಾರೆ. ಹೋಗಲಿ, ದುಡಿಯಲಿ. ಆದರೆ ಪುಣೆಗೆ ಹೋಗಿ ಮರಳಿದವರೊಬ್ಬರಿಂದ ಈ ನಾಡಿನ ಕನ್ನಡ ಶಾಲೆಗಳು ಉಸಿರು ಪಡೆದವೆಂಬುದನ್ನು ಮರೆಯದಿರಲಿ.

ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ಶಿಕ್ಷಕರ ತರಬೇತಿಗೆ ಹೋಗುವೆನೆಂದರೆ ತಡೆಯಬೇಡಿರಿ. ಶಿಕ್ಷಕ ಬಂಧುಗಳೇ, ನಿಮ್ಮ ತರಗತಿಯಲ್ಲಿ ಮುಂದಿನ ಗುರುವೊಬ್ಬ ಕುಳಿತಿದ್ದಾನೆಂದು ತಿಳಿದು ಪಾಠ ಹೇಳಿರಿ. ಶತಮಾನದ ಈ ಹೊಸ್ತಿಲಲ್ಲಿ ನಮ್ಮ ಧರ್ಮಕೇಂದ್ರವು ಅಂಥ ಒಬ್ಬಿಬ್ಬರನ್ನಾದರೂ ನಾಡಿಗೆ ಒಪ್ಪಿಸಿದರೆ, ನಮ್ಮ ಹಿರಿಯರು ಕಟ್ಟಿದ ಗೋಡೆಗಳು ಸಾರ್ಥಕವಾದವು. ಪರಮಗುರುಗಳಾದ ಯೇಸುಸ್ವಾಮಿ ನಿಮ್ಮೆಲ್ಲರನ್ನೂ ಹರಸಲಿ.